ಬೇಡ ಅನ್ನೋದಾದರೆ ಯಾಕೆ ಬೇಡ ಅಂತಲೂ ಹೇಳಿ

ಗೇಮ್‌ಗಳನ್ನು ಪರಿಶೀಲಿಸಿ ಜನರಿಗೆ ಬಿಡುವ ಆನ್‌ಲೈನ್ ಸ್ಟೋರ್‌ಗಳ ಮಾತು ಬಂದಾಗಲೆಲ್ಲ ಎರಡು ಗುಂಪು ಆಗಿಬಿಡುತ್ತದೆ. ಒಬ್ಬರು 'ಕಂಡಕಂಡ ಕಸವನ್ನೆಲ್ಲ ಒಳಗೆ ಬಿಡ್ತಾರೆ' ಅಂತ ಬೈಯುತ್ತಾರೆ. ಇನ್ನೊಬ್ಬರು 'ಸುಮ್ಸುಮ್ನೆ ರಿಜೆಕ್ಟ್ ಮಾಡ್ತಾರೆ' ಅಂತ. ಎರಡೂ ನಿಜವೇ. ನನ್ನ ತಕರಾರು ಬೇರೆ. ಎಷ್ಟು ಬಿಗಿಯಾದರೂ ಇರಲಿ, ಆದರೆ ಬೇಡ ಅಂದಮೇಲೆ ಕಾರಣ ಸರಿಯಾಗಿ ಹೇಳಬೇಕು.

ನಮ್ಮದೊಂದು ಪುಟ್ಟ ಪಜಲ್ ಗೇಮ್‌ಗೆ ಒಂದು ಸ್ಟೋರ್‌ನಿಂದ (ಹೆಸರು ಬೇಡ ಬಿಡಿ) ಬಂದ ಉತ್ತರ ಇಷ್ಟೇ: 'ನಿಮ್ಮ ಆ್ಯಪ್ ಅಪೂರ್ಣವಾಗಿದೆ.' ಜೊತೆಗೊಂದು ಸ್ಕ್ರೀನ್‌ಶಾಟ್. ಅದರಲ್ಲಿ ಪೂರ್ತಿ ಕಪ್ಪು. ಮೇಲಿನ ಮೂಲೆಯಲ್ಲಿ ಬ್ಯಾಟರಿ ಚಿಹ್ನೆ ಮಾತ್ರ. ಯಾವ ಫೋನ್? ಏನು ಒತ್ತಿದ ಮೇಲೆ ಹೀಗಾಯಿತು? ಒಂದೂ ಇಲ್ಲ. ಕೈಗೆ ಸಿಕ್ಕ ಫೋನ್‌ಗಳಲ್ಲೆಲ್ಲ ಆಡಿ ನೋಡಿದೆವು, ಎಲ್ಲೂ ಕಪ್ಪಾಗಲಿಲ್ಲ. ಕೇಳಿ ಬರೆದರೆ ಮತ್ತೆ ಅದೇ ಸಾಲು, ಅದೇ ಚಿತ್ರ. ಕೊನೆಗೆ ಕೋಡ್ ಮುಟ್ಟದೆ ವರ್ಷನ್ ನಂಬರ್ ಮಾತ್ರ ಏರಿಸಿ ಕಳಿಸಿದೆವು. ಪಾಸಾಯಿತು! ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು.

ಹೆಸರು ಮಾಡಿದವರಿಗೂ ಇದು ತಪ್ಪಿಲ್ಲ. 2014ರಲ್ಲಿ 'ಪೇಪರ್ಸ್, ಪ್ಲೀಸ್' ಅನ್ನುವ ಗೇಮ್ ಐಪ್ಯಾಡ್‌ಗೆ ಬರುವಾಗ, ಅದರೊಳಗಿನ ದೇಹ ತಪಾಸಣೆಯ ಸ್ಕ್ಯಾನರ್‌ನಲ್ಲಿ ಕಾಣುವ ಬೆತ್ತಲೆ ಚಿತ್ರಗಳು ಅಶ್ಲೀಲ ಅಂತ ಆ್ಯಪಲ್ ತಡೆಯಿತು. ಸುದ್ದಿಯಾದ ಮೇಲೆ ಆ ಚಿತ್ರಗಳಿಗೆ ಅವಕಾಶ ಕೊಟ್ಟಿತು. ಗಡಿಯಲ್ಲಿ ಕೂತು ಜನರ ಕಾಗದಪತ್ರ ನೋಡಿ ಒಪ್ಪಿಗೆಯದೋ ನಿರಾಕರಣೆಯದೋ ಸೀಲ್ ಒತ್ತುವ ಗೇಮ್ ಅದು. ಅದರೊಳಗಿನ ಸರ್ವಾಧಿಕಾರಿ ಸರ್ಕಾರ ಕೂಡ, ನೀವು ತಪ್ಪು ಸೀಲ್ ಒತ್ತಿದರೆ ಎಲ್ಲಿ ಎಡವಿದಿರಿ ಅಂತ ಚೀಟಿ ಮುದ್ರಿಸಿ ಕೊಡುತ್ತದೆ. ಸ್ಟೋರ್‌ಗಳು ಅಷ್ಟಾದರೂ ಮಾಡಬಹುದಲ್ವಾ? ಯಾವ ನಿಯಮ, ಯಾವ ಸಾಧನ, ಯಾವ ಪರದೆ, ಅಲ್ಲಿಗೆ ಹೋದದ್ದು ಹೇಗೆ. ರಿವ್ಯೂ ಮಾಡುವವರು ಆಡುವಾಗಲೇ ಪರದೆ ರೆಕಾರ್ಡ್ ಆಗಿಬಿಟ್ಟರೆ ವಿವರಣೆ ಬರೆಯುವ ಕೆಲಸವೂ ತಪ್ಪುತ್ತದೆ.

ಕಂಪ್ಯೂಟರ್ ಗೇಮ್‌ಗಳ ಸ್ಟೋರ್ ಆದ ಸ್ಟೀಮ್‌ನ ಕಥೆ ಬೇರೆ ಥರ. 2012ರಲ್ಲಿ ಗ್ರೀನ್‌ಲೈಟ್ ತಂದು, ಯಾವ ಗೇಮ್ ಒಳಗೆ ಬರಬೇಕು ಅಂತ ಆಟಗಾರರಿಂದ ಓಟು ಹಾಕಿಸಿದರು. ಗೇಮ್‌ನ ಗುಣಕ್ಕಿಂತ ಪ್ರಚಾರ ಮಾಡುವ ತಾಕತ್ತೇ ಮುಖ್ಯವಾಯಿತು. 2017ರಲ್ಲಿ ಅದನ್ನು ಮುಚ್ಚಿ, ಗೇಮ್‌ಗೆ 100 ಡಾಲರ್ ಕಟ್ಟುವ ಸ್ಟೀಮ್ ಡೈರೆಕ್ಟ್ ತಂದರು. ನನ್ನ ಮಟ್ಟಿಗೆ ಇದೇ ವಾಸಿ. ದುಡ್ಡು ಕಟ್ಟು, ಗೇಮ್‌ನ ಸ್ಟೋರ್ ಪುಟ ತೋರಿಸು, ಬಿಲ್ಡ್ (ಆಡಲು ಸಿದ್ಧವಾದ ಗೇಮ್) ತೋರಿಸು, ಮುಗೀತು. ಆದರೆ ಗೇಮ್ ಒಮ್ಮೆ ಬಿಡುಗಡೆಯಾದ ಮೇಲೆ ಅಪ್‌ಡೇಟ್‌ಗಳನ್ನು ಅಷ್ಟಾಗಿ ಯಾರೂ ನೋಡುವುದಿಲ್ಲ. 2025ರಲ್ಲಿ 'ಬ್ಲಾಕ್‌ಬ್ಲಾಸ್ಟರ್ಸ್' ಅನ್ನುವ ಗೇಮ್ ಮೊದಲು ಸಭ್ಯವಾಗಿ ಬಂದು, ಆಮೇಲಿನ ಪ್ಯಾಚ್‌ನಲ್ಲಿ (ಅಂದರೆ ಅಪ್‌ಡೇಟ್‌ನಲ್ಲಿ) ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್ ತಂದು ಜನರ ಕ್ರಿಪ್ಟೋ ವಾಲೆಟ್ ದೋಚಿತು.

ಹಾಗಂತ ಪ್ರತಿ ಪ್ಯಾಚನ್ನೂ ತಡೆದು ನಿಲ್ಲಿಸಿದರೆ 'ಫೆಜ್' ಗೇಮ್‌ಗೆ ಆದ ಗತಿ ಆಗುತ್ತದೆ. 2012ರಲ್ಲಿ ಎಕ್ಸ್‌ಬಾಕ್ಸ್ 360ಯಲ್ಲಿ ಅದರ ಪ್ಯಾಚ್ ಕೆಲವರ ಸೇವ್ ಫೈಲ್ (ಆಡಿದ್ದನ್ನು ಉಳಿಸಿಟ್ಟ ಫೈಲ್) ಕೆಡಿಸಿತು, ಅದನ್ನು ಹಿಂತೆಗೆದರು. ಸರಿಮಾಡಿದ ಪ್ಯಾಚ್ ಕಳಿಸಬೇಕಾದರೆ ಮತ್ತೆ ಸರ್ಟಿಫಿಕೇಶನ್, ಅಂದರೆ ಎಕ್ಸ್‌ಬಾಕ್ಸ್‌ನವರ ಪರಿಶೀಲನೆ, ಅದಕ್ಕೆ ಭಾರೀ ಶುಲ್ಕ. ಕೈಲಾಗದೆ ಆ ಕೆಟ್ಟ ಪ್ಯಾಚನ್ನೇ ವಾಪಸ್ ಹಾಕಿದರು! ಮರುವರ್ಷ ಆ ಶುಲ್ಕ ಹೋಯಿತು ಅನ್ನಿ.

ನನ್ನ ಪ್ರಕಾರ ನಡುವಿನ ದಾರಿ ಇದು. ಹೊಸ ಖಾತೆಯ ಮೊದಲ ಕೆಲವು ಅಪ್‌ಡೇಟ್‌ಗಳನ್ನು ಮನುಷ್ಯರೇ ನೋಡಲಿ. ಹಳಬರ ಸಣ್ಣಪುಟ್ಟ ಬಗ್ ಫಿಕ್ಸ್‌ಗಳು ಮಾಲ್‌ವೇರ್ ಸ್ಕ್ಯಾನ್ ಮುಗಿಸಿ ನೇರ ಹೋಗಲಿ. ಅಪ್‌ಡೇಟ್ ಇದ್ದಕ್ಕಿದ್ದಂತೆ ಹೊಸ ಎಕ್ಸಿಕ್ಯೂಟಬಲ್ ಫೈಲ್ (ತಾನೇ ಓಡುವ ಪ್ರೋಗ್ರಾಂ) ಹೊತ್ತು ತಂದರೆ ಮಾತ್ರ ಹಳಬರನ್ನೂ ನಿಲ್ಲಿಸಿ ಕೇಳಲಿ.

ಇನ್ನು ಮೇಲ್ಮನವಿ. ಅದನ್ನು ಮೊದಲು ರಿಜೆಕ್ಟ್ ಮಾಡಿದವರ ಟೇಬಲ್ಲಿಗೇ ಕಳಿಸುವುದರಲ್ಲಿ ಅರ್ಥವಿಲ್ಲ. ಬೇರೆಯವರು ನೋಡಬೇಕು, ಇಂತಿಷ್ಟು ದಿನದಲ್ಲಿ ಅಂತ ಗಡುವಿರಬೇಕು. ಅಲ್ಲಿವರೆಗೆ ಈಗಾಗಲೇ ಸ್ಟೋರ್‌ನಲ್ಲಿರುವ ಗೇಮ್‌ನ ಬಗ್ ಫಿಕ್ಸ್ ನಿಲ್ಲಬಾರದು. ಆ್ಯಪಲ್ 2020ರಲ್ಲಿ ಇದನ್ನು ಒಪ್ಪಿಕೊಂಡಿತು: ಕಾನೂನಿನ ತೊಡಕಿಲ್ಲದಿದ್ದರೆ ನಿಯಮದ ಜಗಳಕ್ಕಾಗಿ ಬಗ್ ಫಿಕ್ಸ್ ತಡೆಯುವುದಿಲ್ಲ ಅಂತ. ಅಷ್ಟು ಬಿಗಿ ಸ್ಟೋರೇ ಒಪ್ಪಿದ ಮೇಲೆ ಉಳಿದವರಿಗೆ ಏನು ಕಷ್ಟ?