ಪರದೆ ಕಳಚಿದ ಮೇಲೆ ಮೆಮೊರಿ ಯಾರದು? ಡಿಸ್‌ಪ್ಲೇ ಡ್ರೈವರ್‌ಗಳ ಬಗ್ಗೆ ನನ್ನ ತಕರಾರು

ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಡ್ರೈವರ್ (ಒಂದು ಸಾಧನವನ್ನು ನಡೆಸುವ ಕೋಡ್) ಬರೆಯುವುದನ್ನು ಕಲಿಯುವವರಿಗೆ ನಾವು ಮೊದಲ ವಾರದಲ್ಲೇ ಒಂದು ಸಲಹೆ ಕೊಡುತ್ತೇವೆ: ಮೆಮೊರಿ ಬೇಕಾದಾಗ ‘ಡೆವ್‌ಎಂ’ ಎಂದು ಆರಂಭವಾಗುವ ಫಂಕ್ಷನ್‌ಗಳನ್ನು ಬಳಸಿ, ಬಿಡುಗಡೆಯ ಚಿಂತೆಯನ್ನು ಕರ್ನಲ್‌ಗೆ ಬಿಡಿ. ಡಿಸ್‌ಪ್ಲೇ ಡ್ರೈವರ್‌ಗಳ ಮಟ್ಟಿಗೆ ಈ ಸಲಹೆ ಅರ್ಧ ಸರಿ, ಅರ್ಧ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಆ ಅಪಾಯದ ಅರ್ಧವನ್ನು ಯಾರೂ ಬಿಡಿಸಿ ಹೇಳದಿರುವುದರಿಂದ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಂದ ಕರ್ನಲ್ ಕೆಲಸದ ಆಸಕ್ತಿ ಹಿಡಿದು ಬರುವ ಹುಡುಗ ಹುಡುಗಿಯರು ಅದೇ ಹಳ್ಳಕ್ಕೆ ಬೀಳುವುದನ್ನು ನೋಡುತ್ತಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಈ ಸೌಲಭ್ಯ ಹುಟ್ಟಿದ ಕಾರಣವನ್ನು ಗೌರವದಿಂದಲೇ ಹೇಳಬೇಕು. 2007ರಲ್ಲಿ, ಕರ್ನಲ್‌ನ 2.6.21ನೇ ಆವೃತ್ತಿಯಲ್ಲಿ, ತೇಜುನ್ ಹಿಯೋ ಅವರ ಕೆಲಸವಾಗಿ, ಈ ಡೆವ್‌ಎಂ ಫಂಕ್ಷನ್‌ಗಳ ಹಿಂದಿರುವ ಡೆವ್‌ರೆಸ್ ಎಂಬ ವ್ಯವಸ್ಥೆ ಒಳಬಂದಿತು. ಡ್ರೈವರ್ ಒಂದು ಸಾಧನವನ್ನು ವಹಿಸಿಕೊಳ್ಳುವಾಗ ಮೆಮೊರಿ, ರಿಜಿಸ್ಟರ್‌ಗಳ ಮ್ಯಾಪಿಂಗ್, ಇಂಟರಪ್ಟ್, ಕ್ಲಾಕ್ ಹೀಗೆ ಒಂದೊಂದನ್ನೇ ಪಡೆಯುತ್ತ ಹೋಗುತ್ತದೆ. ಐದನೆಯದರಲ್ಲಿ ಸೋತರೆ ಹಿಂದಿನ ನಾಲ್ಕನ್ನೂ ತಲೆಕೆಳಗಾದ ಕ್ರಮದಲ್ಲಿ ಬಿಟ್ಟುಕೊಡಬೇಕು. ಈ ಸೋಲಿನ ದಾರಿಗಳಲ್ಲಿ ಇದ್ದಷ್ಟು ದೋಷಗಳು ಡ್ರೈವರ್‌ನ ಬೇರೆ ಭಾಗಗಳಲ್ಲಿ ಇರುತ್ತಿರಲಿಲ್ಲ, ಏಕೆಂದರೆ ಆ ದಾರಿಯಲ್ಲಿ ಯಾರೂ ನಡೆದು ಪರೀಕ್ಷಿಸುತ್ತಿರಲಿಲ್ಲ. ಡೆವ್‌ರೆಸ್ ಆ ಲೆಕ್ಕವನ್ನು ತಾನೇ ಇಟ್ಟುಕೊಂಡು, ಡ್ರೈವರ್ ಸಾಧನದಿಂದ ಬೇರೆಯಾದಾಗ ಎಲ್ಲವನ್ನೂ ಹಿಮ್ಮುಖ ಕ್ರಮದಲ್ಲಿ ಬಿಡುಗಡೆ ಮಾಡುತ್ತದೆ. ಕೋಡ್ ಚಿಕ್ಕದಾಯಿತು, ಓದಲು ಹಿತವಾಯಿತು.

ತೊಂದರೆ ಇರುವುದು ‘ಡ್ರೈವರ್ ಸಾಧನದಿಂದ ಬೇರೆಯಾದಾಗ’ ಎಂಬ ಆ ಗಳಿಗೆಯಲ್ಲಿ. ಡಿಸ್‌ಪ್ಲೇ ಡ್ರೈವರ್‌ನಲ್ಲಿ ಮೂರು ಬೇರೆ ಬೇರೆ ಆಯುಷ್ಯಗಳು ಒಂದರ ಪಕ್ಕ ಒಂದು ಓಡುತ್ತಿರುತ್ತವೆ. ಮೊದಲನೆಯದು ಕೈಯಲ್ಲಿ ಮುಟ್ಟಬಹುದಾದ ಪರದೆ ಮತ್ತು ಚಿಪ್ಪಿನದು. ಎರಡನೆಯದು ಡ್ರೈವರ್ ಆ ಸಾಧನಕ್ಕೆ ಅಂಟಿಕೊಂಡಿರುವ ಅವಧಿಯದು. ಮೂರನೆಯದು ಯೂಸರ್‌ಸ್ಪೇಸ್‌ನ, ಅಂದರೆ ಕರ್ನಲ್‌ನ ಹೊರಗೆ ಓಡುವ, ಪ್ರೋಗ್ರಾಂ ಒಂದು ಕಾರ್ಡ್ ಫೈಲನ್ನು (ಡಿಸ್‌ಪ್ಲೇ ಸಾಧನವನ್ನು ತಲುಪುವ ಬಾಗಿಲಿನಂಥ ಫೈಲನ್ನು) ತೆರೆದು ಹಿಡಿದಿರುವ ಅವಧಿಯದು. ಈ ಮೂರನೆಯದಕ್ಕೂ ಮೊದಲೆರಡಕ್ಕೂ ಯಾವ ಕರಾರೂ ಇಲ್ಲ. ಪ್ರೋಗ್ರಾಂ ಫೈಲನ್ನು ತೆರೆದು ಗಂಟೆಗಟ್ಟಲೆ ಸುಮ್ಮನೆ ಕುಳಿತಿರಬಹುದು, ಅಲ್ಲಿ ಪಡೆದ ಬಫರನ್ನು (ಚಿತ್ರ ಇಟ್ಟ ಮೆಮೊರಿಯ ತುಂಡನ್ನು) ಡಿಎಂಎ-ಬಫ್ ಎಂಬ ಹಂಚಿಕೆಯ ವ್ಯವಸ್ಥೆಯ ಮೂಲಕ ಬೇರೊಂದು ಡ್ರೈವರ್‌ಗೆ ದಾಟಿಸಿರಬಹುದು. ಭಾರತದವರೇ ಆದ ಸುಮಿತ್ ಸೆಮ್ವಾಲ್ ಅವರ ಹೆಸರಿನೊಂದಿಗೆ 2012ರಲ್ಲಿ 3.3ನೇ ಆವೃತ್ತಿಗೆ ಸೇರಿದ ಈ ಡಿಎಂಎ-ಬಫ್ ಬಂದ ಮೇಲೆ ಒಂದು ಬಫರಿನ ಕೊನೆಯ ಹಿಡಿತ ಯಾರ ಕೈಯಲ್ಲಿದೆ ಎಂಬುದನ್ನು ಅದನ್ನು ಸೃಷ್ಟಿಸಿದ ಡ್ರೈವರ್ ಊಹಿಸುವಂತೆಯೇ ಇಲ್ಲ.

ಮದುವೆ ಮನೆಯಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಶಾಮಿಯಾನ ಬಿಚ್ಚುವುದು ರೂಢಿ. ಬಾಡಿಗೆಯ ಅವಧಿ ಮುಗಿಯಿತೆಂದು ಉಣ್ಣುತ್ತಿರುವವರ ತಲೆಯ ಮೇಲಿಂದ ಕಂಬ ಕಿತ್ತರೆ ಏನಾದೀತೋ, ಯೂಸರ್‌ಸ್ಪೇಸ್ ಹಿಡಿದುಕೊಂಡಿರುವ ಆಬ್ಜೆಕ್ಟನ್ನು ಡೆವ್‌ರೆಸ್ ಬಿಡುಗಡೆ ಮಾಡಿದಾಗ ಆಗುವುದೂ ಅದೇ. ಒಂದು ವ್ಯತ್ಯಾಸವಿದೆ. ಇಲ್ಲಿ ಕಂಬ ಬಿದ್ದದ್ದು ತಕ್ಷಣಕ್ಕೆ ಯಾರಿಗೂ ಕಾಣುವುದಿಲ್ಲ. ಬಿಡುಗಡೆಯಾದ ಮೆಮೊರಿ ಇನ್ನಾರಿಗೋ ಹಂಚಿಕೆಯಾಗಿ, ಸಂಬಂಧವೇ ಇಲ್ಲದ ಜಾಗದಲ್ಲಿ ಕರ್ನಲ್ ಕುಸಿಯುತ್ತದೆ.

ಈ ವರ್ಷ ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳು ಎಪಿಎಂಸಿ ಪ್ರಾಂಗಣಕ್ಕಾಗಿ ಮೆಕ್ಕೆಜೋಳ ಮತ್ತು ಭತ್ತದ ದರ ತೋರಿಸುವ ಒಂದು ಫಲಕದ ಮಾದರಿ ತಯಾರಿಸಿದರು. ಚಿಕ್ಕ ಬೋರ್ಡ್ ಕಂಪ್ಯೂಟರ್, ಎಸ್‌ಪಿಐ ತಂತಿಯಲ್ಲಿ ಜೋಡಿಸಿದ ಪರದೆ, ಅದಕ್ಕೆ ತಾವೇ ಬರೆದ ಡಿಆರ್‌ಎಂ ಡ್ರೈವರ್ (ಡಿಆರ್‌ಎಂ ಎಂದರೆ ಕರ್ನಲ್‌ನಲ್ಲಿ ಗ್ರಾಫಿಕ್ಸ್ ಮತ್ತು ಡಿಸ್‌ಪ್ಲೇ ನೋಡಿಕೊಳ್ಳುವ ವಿಭಾಗ). ಕೆಲಸ ನಿಜಕ್ಕೂ ಅಚ್ಚುಕಟ್ಟಾಗಿತ್ತು. ಧೂಳಿಗೋ ಸಡಿಲ ತಂತಿಗೋ ಪರದೆ ಆಗಾಗ ಬೆಳ್ಳಗಾಗುತ್ತಿದ್ದುದರಿಂದ, ಹಾಗಾದಾಗಲೆಲ್ಲ ಡ್ರೈವರನ್ನು ಸಿಸ್‌ಎಫ್‌ಎಸ್ ಎಂಬ ಕರ್ನಲ್‌ನ ಫೈಲ್ ವ್ಯವಸ್ಥೆಯ ಮೂಲಕ ಅನ್‌ಬೈಂಡ್ ಮಾಡಿ (ಸಾಧನದಿಂದ ಬೇರ್ಪಡಿಸಿ) ಮತ್ತೆ ಬೈಂಡ್ ಮಾಡುವ ಸ್ಕ್ರಿಪ್ಟ್ ಒಂದನ್ನು ಸೇರಿಸಿದ್ದರು. ಅದರ ನಂತರ ಬೋರ್ಡ್ ಒಮ್ಮೊಮ್ಮೆ ಪೂರ್ತಿ ಸ್ತಬ್ಧವಾಗುತ್ತಿತ್ತು, ಒಮ್ಮೊಮ್ಮೆ ಏನೂ ಆಗುತ್ತಿರಲಿಲ್ಲ. ವಿದ್ಯುತ್ತಿನ ಏರುಪೇರು ಎಂದು ಅವರು ತೀರ್ಮಾನಿಸಿದ್ದರು. ನಮ್ಮ ಕಡೆ ಆ ತೀರ್ಮಾನಕ್ಕೆ ಬರುವುದು ಸುಲಭ ಬಿಡಿ.

ಕೋಡಿನಲ್ಲಿ ಅವರು ಡಿಆರ್‌ಎಂ ಡಿವೈಸನ್ನು ಸರಿಯಾದ ರೀತಿಯಲ್ಲೇ ಪಡೆದಿದ್ದರು, ಅದಕ್ಕೆ ರೆಫರೆನ್ಸ್ ಎಣಿಕೆ, ಅಂದರೆ ಎಷ್ಟು ಜನ ಹಿಡಿದಿದ್ದಾರೆ ಎಂಬ ಲೆಕ್ಕ, ಇತ್ತು. ಆದರೆ ಚಿತ್ರವನ್ನು ಮೆಮೊರಿಯಿಂದ ಪರದೆಯವರೆಗೆ ಒಯ್ಯುವ ಹಂತಗಳಾದ ಪ್ಲೇನ್, ಸಿಆರ್‌ಟಿಸಿ, ಎನ್‌ಕೋಡರ್, ಕನೆಕ್ಟರ್ ಈ ನಾಲ್ಕನ್ನೂ ಡೆವ್‌ಎಂ ಮೂಲಕ ಪಡೆದ ಒಂದೇ ಸ್ಟ್ರಕ್ಚರ್‌ನೊಳಗೆ ಕೂಡಿಸಿದ್ದರು. ಅನ್‌ಬೈಂಡ್ ಆದೊಡನೆ ಆ ಸ್ಟ್ರಕ್ಚರ್ ಬಿಡುಗಡೆಯಾಯಿತು, ದರ ತೋರಿಸುವ ಪ್ರೋಗ್ರಾಂ ಮಾತ್ರ ಕಾರ್ಡ್ ಫೈಲನ್ನು ಇನ್ನೂ ಹಿಡಿದೇ ಇತ್ತು. ಮುಂದೆ ಅದು ಫೈಲ್ ಮುಚ್ಚಿದಾಗ ಡಿಆರ್‌ಎಂ ಡಿವೈಸಿನ ಕೊನೆಯ ಎಣಿಕೆ ಇಳಿದು, ಶುಚಿಗೊಳಿಸುವ ಫಂಕ್ಷನ್ ಪ್ಲೇನ್‌ಗಳ ಮತ್ತು ಸಿಆರ್‌ಟಿಸಿಗಳ ಪಟ್ಟಿಯ ಮೇಲೆ ನಡೆಯತೊಡಗಿತು. ಆ ಪಟ್ಟಿಯ ಕೊಂಡಿಗಳೆಲ್ಲ ಆಗಲೇ ಬೇರೆಯವರ ಪಾಲಾದ ಮೆಮೊರಿಯಲ್ಲಿದ್ದವು. ಕರ್ನಲ್‌ನ ಕೆಎಸಾನ್ ಎಂಬ ಪತ್ತೆದಾರಿಯನ್ನು ಚಾಲೂ ಮಾಡಿ ಅದೇ ಪ್ರಯೋಗ ನಡೆಸಿದಾಗ, ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದ ಸಾಲು, ಅದನ್ನು ಬಿಡುಗಡೆ ಮಾಡಿದ ಸಾಲು ಎರಡೂ ಲಾಗ್‌ನಲ್ಲಿ ಎದ್ದು ಕಂಡವು.

ಇಲ್ಲಿ ಅವರನ್ನು ದಾರಿ ತಪ್ಪಿಸಿದ ಇನ್ನೊಂದು ಸೂಕ್ಷ್ಮವಿದೆ. ಫೈಲ್ ತೆರೆದಿರುವಾಗ ಮಾಡ್ಯೂಲನ್ನು ತೆಗೆಯಲು ಹೋದರೆ ‘ಬಳಕೆಯಲ್ಲಿದೆ’ ಎಂದು ಕರ್ನಲ್ ನಿರಾಕರಿಸುತ್ತದೆ. ಇದನ್ನು ಕಂಡವರು, ಕರ್ನಲ್ ತಮ್ಮನ್ನು ಕಾಯುತ್ತಿದೆ ಎಂದುಕೊಳ್ಳುತ್ತಾರೆ. ಆ ಎಣಿಕೆ ಕಾಯುವುದು ಮಾಡ್ಯೂಲಿನ ಕೋಡನ್ನು ಮಾತ್ರ. ಅನ್‌ಬೈಂಡ್‌ಗೆ ಅಂಥ ತಡೆ ಇಲ್ಲ, ಆಗ ಓಡುವ ಡ್ರೈವರಿನ ರಿಮೂವ್ ಫಂಕ್ಷನ್ ‘ಈಗ ಬೇಡ, ಆಮೇಲೆ ಬನ್ನಿ’ ಎಂದು ಹೇಳುವಂತೆಯೂ ಇಲ್ಲ.

ಈ ಮಾತು ಬಂದಾಗಲೆಲ್ಲ ಕೇಳಿಬರುವ ಆಕ್ಷೇಪಣೆ ಒಂದೇ: ಬೋರ್ಡಿಗೆ ಬೆಸುಗೆ ಹಾಕಿದ ಚಿಪ್ಪನ್ನು ಯಾರು ಕಿತ್ತುಕೊಂಡು ಹೋಗುತ್ತಾರೆ? ಯುಎಸ್‌ಬಿಗೆ ಸಿಕ್ಕಿಸುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್ ಅಥವಾ ಥಂಡರ್‌ಬೋಲ್ಟ್‌ನ ಹೊರಗಿನ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಆದರೆ ಒಪ್ಪಿಕೊಳ್ಳೋಣ, ಉಳಿದವರಿಗೆ ಈ ತಲೆನೋವು ಏಕೆ? ಈ ಆಕ್ಷೇಪಣೆಗೆ ಅತ್ಯುತ್ತಮ ಉತ್ತರ ನಮ್ಮ ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲೇ ಇದೆ. 2021ರಲ್ಲಿ 5.14ನೇ ಆವೃತ್ತಿಯೊಂದಿಗೆ ಬಂದ ಸಿಂಪಲ್‌ಡಿಆರ್‌ಎಂ ಎಂಬ ಡ್ರೈವರ್, ಫರ್ಮ್‌ವೇರ್ ಸಿದ್ಧಪಡಿಸಿಟ್ಟ ಫ್ರೇಮ್‌ಬಫರನ್ನು ಬಳಸಿ ಬೂಟ್ ಆಗುವಾಗಿನ ಮೊದಲ ಚಿತ್ರವನ್ನು ತೋರಿಸುತ್ತದೆ. ಸ್ವಲ್ಪ ಹೊತ್ತಿಗೆ ಇಂಟೆಲ್‌ನದೋ ಎಎಂಡಿಯದೋ ಅಸಲಿ ಡ್ರೈವರ್ ಬಂದು ಅದೇ ಮೆಮೊರಿಯ ಮೇಲೆ ಹಕ್ಕು ಸ್ಥಾಪಿಸಿದಾಗ, ಸಿಂಪಲ್‌ಡಿಆರ್‌ಎಂ ಜಾಗ ಖಾಲಿ ಮಾಡಬೇಕು. ಅಷ್ಟರಲ್ಲಿ ಬೂಟ್ ಚಿತ್ರ ತೋರಿಸುವ ಪ್ರೋಗ್ರಾಂ ಅದರ ಫೈಲನ್ನು ತೆರೆದುಕೊಂಡಿರಬಹುದು. ಅಂದರೆ ತಂತಿ ಕೀಳದೆ, ಸ್ಕ್ರೂ ಬಿಚ್ಚದೆ, ಹೀಗೆ ಬೂಟ್ ಆಗುವ ಯಂತ್ರದಲ್ಲಿ ದಿನವೂ ಒಂದು ಡಿಸ್‌ಪ್ಲೇ ಸಾಧನ ‘ಮಾಯ’ವಾಗುತ್ತಿದೆ. ಕಿತ್ತುಹೋಗುವುದು ಅಪರೂಪದ ಘಟನೆ ಎಂಬ ನಂಬಿಕೆ ಅಲ್ಲಿಗೇ ಮುಗಿಯಿತು.

ಡಿಆರ್‌ಎಂ ಬಳಗ ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಬಹಳ ಹಿಡಿಸಿದೆ. 2020ರಲ್ಲಿ ಡೇನಿಯಲ್ ವೆಟ್ಟರ್ ಅವರು ‘ಡಿಆರ್‌ಎಂಎಂ’ ಎಂದು ಆರಂಭವಾಗುವ ಫಂಕ್ಷನ್‌ಗಳ ಸರಣಿಯೊಂದನ್ನು ತಂದರು. ಡೆವ್‌ರೆಸ್‌ನ ಅದೇ ಅನುಕೂಲ, ಅದೇ ಹಿಮ್ಮುಖ ಕ್ರಮ, ಆದರೆ ಬಿಡುಗಡೆಯ ಗಳಿಗೆ ಬೇರೆ. ಡ್ರೈವರ್ ಬೇರೆಯಾದಾಗ ಬಿಡುಗಡೆ ಆಗುವುದಿಲ್ಲ, ಡಿಆರ್‌ಎಂ ಡಿವೈಸಿನ ಕೊನೆಯ ರೆಫರೆನ್ಸ್ ಬಿಟ್ಟಾಗ ಆಗುತ್ತದೆ. ಹೀಗಾಗಿ ವಿಂಗಡಣೆ ಸ್ಪಷ್ಟವಾಯಿತು. ರಿಜಿಸ್ಟರ್ ಮ್ಯಾಪಿಂಗ್, ಇಂಟರಪ್ಟ್, ಕ್ಲಾಕ್, ರೆಗ್ಯುಲೇಟರ್ ಇವು ಯಂತ್ರಾಂಶಕ್ಕೆ ಸೇರಿದವು, ಸಾಧನ ಹೋದೊಡನೆ ಹೋಗಲೇಬೇಕು, ಆದ್ದರಿಂದ ಡೆವ್‌ಎಂ ಸರಿ. ಪ್ಲೇನ್, ಸಿಆರ್‌ಟಿಸಿ, ಎನ್‌ಕೋಡರ್ ಇವು ಯೂಸರ್‌ಸ್ಪೇಸ್‌ಗೆ ಕಾಣುವ ಆಬ್ಜೆಕ್ಟ್‌ಗಳು, ಆದ್ದರಿಂದ ಡಿಆರ್‌ಎಂಎಂ. ಮೇಲೆ ಹೇಳಿದ ವಿದ್ಯಾರ್ಥಿಗಳು ಮಾಡಬೇಕಾಗಿದ್ದ ತಿದ್ದುಪಡಿಯೂ ಬಹುಪಾಲು ಇಷ್ಟೇ ಆಗಿತ್ತು.

‘ಬಹುಪಾಲು’ ಎಂದೆ, ಏಕೆಂದರೆ ಮೆಮೊರಿ ಉಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸ್ಟ್ರಕ್ಚರ್ ಜೀವಂತವಾಗಿದೆ, ಅದರೊಳಗಿನ ಪಾಯಿಂಟರ್ ತೋರಿಸುವ ರಿಜಿಸ್ಟರ್‌ಗಳು ಇಲ್ಲ. ಈಗ ಪ್ರೋಗ್ರಾಂ ಹೊಸ ಚಿತ್ರ ಕಳುಹಿಸಿದರೆ? ಇದಕ್ಕಾಗಿ ಡ್ರೈವರ್ ಯಂತ್ರಾಂಶವನ್ನು ಮುಟ್ಟುವ ಪ್ರತಿ ಭಾಗವನ್ನೂ ಡಿಆರ್‌ಎಂ ಡೆವ್ ಎಂಟರ್ ಮತ್ತು ಡಿಆರ್‌ಎಂ ಡೆವ್ ಎಕ್ಸಿಟ್ ಎಂಬ ಜೋಡಿಯ ನಡುವೆ ಇಡಬೇಕು. ರಿಮೂವ್ ಫಂಕ್ಷನ್ ಅನ್‌ಪ್ಲಗ್ ಎಂದು ಸಾರಿದಾಗ, ಆಗಲೇ ಒಳಗೆ ಹೋದವರು ಹೊರಬರುವವರೆಗೆ ಅದು ಕಾಯುತ್ತದೆ, ಹೊಸಬರಿಗೆ ಬಾಗಿಲು ಮುಚ್ಚಿರುತ್ತದೆ. ಈ ಜೋಡಿಯನ್ನು ಹಾಕುವುದು ಬೇಸರದ ಕೆಲಸ, ಆದ್ದರಿಂದಲೇ ಎಷ್ಟೋ ಡ್ರೈವರ್‌ಗಳಲ್ಲಿ ಅದು ಇಲ್ಲ.

ಯೂಸರ್‌ಸ್ಪೇಸ್‌ಗೆ ಏನು ಕಾಣಬೇಕು ಎಂಬುದನ್ನೂ ಡಿಆರ್‌ಎಂ ದಾಖಲೆ ಬರೆದಿಟ್ಟಿದೆ. ಕನೆಕ್ಟರ್‌ಗಳು ‘ಸಂಪರ್ಕವಿಲ್ಲ’ ಎಂಬ ಸ್ಥಿತಿಗೆ ಬರಬೇಕು, ಹೊಸ ಐಓಕಂಟ್ರೋಲ್ ಕರೆಗಳು (ಪ್ರೋಗ್ರಾಂ ಡ್ರೈವರ್‌ಗೆ ಕಳುಹಿಸುವ ಆದೇಶಗಳು) ‘ಸಾಧನವಿಲ್ಲ’ ಎಂದು ಸೋಲಬೇಕು ಅಥವಾ ಗೆದ್ದಂತೆ ನಟಿಸಬೇಕು. ಪ್ರೋಗ್ರಾಂ ಮ್ಯಾಪ್ ಮಾಡಿಕೊಂಡ ಮೆಮೊರಿಗೆ ಬರೆಯುವುದು ಮುಂದುವರಿದರೂ ಆ ಪ್ರೋಗ್ರಾಂ ಸಿಗ್‌ಬಸ್ ಎಂಬ, ಮೆಮೊರಿ ತಪ್ಪಿಗೆ ಕರ್ನಲ್ ಕಳುಹಿಸುವ ಸಂಕೇತದಿಂದ ಸಾಯಬಾರದು. ಈ ಕೊನೆಯ ನಿಯಮದ ಹಿಂದಿನ ವಿವೇಕ ದೊಡ್ಡದು: ಒಂದು ಪರದೆ ಕಳಚಿತೆಂಬ ಕಾರಣಕ್ಕೆ, ಉಳಿದೆರಡು ಪರದೆಗಳಲ್ಲಿ ಕೆಲಸ ಮಾಡುತ್ತಿರುವ ಮನುಷ್ಯನ ಇಡೀ ಡೆಸ್ಕ್‌ಟಾಪ್ ಸಾಯುವುದನ್ನು ಯಾರೂ ಒಪ್ಪುವುದಿಲ್ಲ.

ಎಲ್ಲ ಆಬ್ಜೆಕ್ಟ್‌ಗಳಿಗೂ ಒಂದೇ ಆಯುಷ್ಯವಲ್ಲ ಎಂಬುದು ಇನ್ನೊಂದು ಮಗ್ಗುಲು. ಪ್ಲೇನ್‌ಗಳೂ ಸಿಆರ್‌ಟಿಸಿಗಳೂ ಡಿಆರ್‌ಎಂ ಡಿವೈಸ್ ಇರುವಷ್ಟು ಕಾಲ ಇರುತ್ತವೆ. ಕನೆಕ್ಟರ್‌ಗಳೂ ಹಾಗೆಯೇ ಎಂದು ಮೊದಲು ಭಾವಿಸಲಾಗಿತ್ತು. ಡಿಸ್‌ಪ್ಲೇಪೋರ್ಟ್‌ನ ಮಲ್ಟಿ-ಸ್ಟ್ರೀಮ್ (ಒಂದೇ ಕೇಬಲ್‌ನಲ್ಲಿ ಹಲವು ಪರದೆಗಳು) ಬಂದು, ಡಾಕ್ ಒಂದನ್ನು ಸಿಕ್ಕಿಸಿದಾಗ ಕನೆಕ್ಟರ್‌ಗಳು ಹುಟ್ಟಿ, ಕಿತ್ತಾಗ ಸಾಯತೊಡಗಿದ ಮೇಲೆ 2016ರಲ್ಲಿ ಅವಕ್ಕೆ ಪ್ರತ್ಯೇಕ ರೆಫರೆನ್ಸ್ ಎಣಿಕೆ ಕೊಡಬೇಕಾಯಿತು. ಬ್ರಿಡ್ಜ್‌ಗಳು, ಅಂದರೆ ಒಂದು ಬಗೆಯ ಸಂಕೇತವನ್ನು ಇನ್ನೊಂದಕ್ಕೆ ಬದಲಿಸುವ ನಡುವಿನ ಚಿಪ್ಪುಗಳು, ಬಹುಕಾಲ ಅನಾಥವಾಗಿಯೇ ಇದ್ದವು. ಬ್ರಿಡ್ಜ್‌ನ ಡ್ರೈವರ್ ಬೇರೆ, ಅದನ್ನು ಹುಡುಕಿ ಬಳಸುವ ಡ್ರೈವರ್ ಬೇರೆ. ಹುಡುಕಿದವನ ಕೈಗೆ ಬರೀ ಪಾಯಿಂಟರ್ ಸಿಗುತ್ತಿತ್ತು, ಅದರ ಮೇಲೆ ಯಾವ ಹಿಡಿತವೂ ಸಿಗುತ್ತಿರಲಿಲ್ಲ. ಲೂಕಾ ಚೆರೆಸೋಲಿ ಅವರ ದೀರ್ಘ ಪರಿಶ್ರಮದ ಫಲವಾಗಿ 2025ರಲ್ಲಷ್ಟೇ ಬ್ರಿಡ್ಜ್‌ಗಳಿಗೂ ಎಣಿಕೆ ಬಂದಿತು. ಗಮನಿಸಿ, ಅಲ್ಲಿ ಬ್ರಿಡ್ಜ್ ಪಡೆಯುವ ಹೊಸ ಫಂಕ್ಷನ್ನಿನ ಹೆಸರೂ ಡೆವ್‌ಎಂ ಎಂದೇ ಆರಂಭವಾಗುತ್ತದೆ. ಆದರೆ ಡ್ರೈವರ್ ಬೇರೆಯಾದಾಗ ಅದು ಬಿಡುವುದು ತನ್ನ ಪಾಲಿನ ಒಂದು ರೆಫರೆನ್ಸನ್ನು ಮಾತ್ರ, ಮೆಮೊರಿಯನ್ನಲ್ಲ. ಹೆಸರು ನೋಡಿ ಭಯಪಡುವುದೂ ಹೆಸರು ನೋಡಿ ನಂಬುವುದೂ ಎರಡೂ ಕೆಲಸಕ್ಕೆ ಬರುವುದಿಲ್ಲ.

2022ರಲ್ಲಿ ಡಬ್ಲಿನ್‌ನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಲೋರಾಂ ಪಿನ್ಶಾರ್ ಅವರು ಡೆವ್‌ಎಂ ಮೂಲಕ ಮೆಮೊರಿ ಪಡೆಯುವುದು ಏಕೆ ಹಾನಿಕರ ಎಂಬ ವಿಷಯದ ಮೇಲೆಯೇ ಮಾತನಾಡಿದ್ದರು. ಇದಕ್ಕೆ ಪ್ರತಿವಾದವೂ ಇದೆ: ದೋಷ ಡೆವ್‌ರೆಸ್‌ನದಲ್ಲ, ತೆರೆದ ಫೈಲಿಗೂ ಡ್ರೈವರಿಗೂ ನಡುವೆ ಇರಬೇಕಾದ ಪದರವನ್ನು ಕರ್ನಲ್‌ನ ಆಯಾ ವಿಭಾಗ ಕಟ್ಟಿಕೊಡದಿರುವುದೇ ದೋಷ ಎಂದು. ತಾತ್ವಿಕವಾಗಿ ಈ ಪ್ರತಿವಾದವೇ ಸರಿ ಎಂದು ನನಗನ್ನಿಸುತ್ತದೆ. ಕೈಯಲ್ಲಿ ಡಾಟಾಶೀಟ್ ಹಿಡಿದು ಪರದೆ ಬೆಳಗಿಸಲು ಹೊರಟ ಹುಡುಗಿ ಫೈಲುಗಳ ಆಯುಷ್ಯದ ಶಾಸ್ತ್ರವನ್ನೆಲ್ಲ ಅರೆದು ಕುಡಿದಿರಬೇಕೆಂದು ಬಯಸುವುದು ಅನ್ಯಾಯ. ಆದರೆ ವಿಭಾಗಗಳೆಲ್ಲ ತಿದ್ದಿಕೊಳ್ಳುವವರೆಗೆ ಅವಳ ಡ್ರೈವರ್ ಓಡುವುದು ಇವತ್ತಿನ ಕರ್ನಲ್‌ನಲ್ಲಿ.

ರಸ್ಟ್ ಭಾಷೆ ಇದನ್ನೆಲ್ಲ ಬಗೆಹರಿಸುತ್ತದೆಯಲ್ಲ ಎಂದು ಕೇಳುವವರಿದ್ದಾರೆ. 2022ರ ಡಿಸೆಂಬರ್‌ನ 6.1ನೇ ಆವೃತ್ತಿಯಿಂದ ಕರ್ನಲ್‌ನಲ್ಲಿ ರಸ್ಟ್‌ಗೆ ಜಾಗ ಸಿಕ್ಕಿದೆ, ಸಾಧನ ಹೋದ ಮೇಲೆ ಅದರ ರಿಜಿಸ್ಟರ್‌ಗಳನ್ನು ಮುಟ್ಟಲು ಹೋದರೆ ಖಾಲಿ ಉತ್ತರ ಕೊಡುವ ಏರ್ಪಾಡು ಅಲ್ಲಿದೆ. ಸಿ ಭಾಷೆಯಲ್ಲಿ ಮರೆತುಹೋಗುವ ಜೋಡಿ ಅಲ್ಲಿ ಮರೆಯಲಾಗದ ಹಾಗೆ ಕೂತಿದೆ, ಇದು ದೊಡ್ಡ ಲಾಭ. ಆದರೆ ಆ ಖಾಲಿ ಉತ್ತರ ಬಂದಾಗ ಪ್ರೋಗ್ರಾಂಗೆ ಸೋಲು ಹೇಳಬೇಕೋ, ಗೆದ್ದಂತೆ ನಟಿಸಬೇಕೋ ಎಂಬುದನ್ನು ಕಂಪೈಲರ್ ತೀರ್ಮಾನಿಸುವುದಿಲ್ಲ.

ನಮ್ಮ ತರಗತಿಗಳ ವಿಷಯಕ್ಕೆ ಬರುತ್ತೇನೆ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಶೆಡ್ಯೂಲಿಂಗ್, ಡೆಡ್‌ಲಾಕ್, ಪೇಜ್ ರಿಪ್ಲೇಸ್‌ಮೆಂಟ್ ಇವಕ್ಕೆ ಲೆಕ್ಕ ಬಿಡಿಸುವಷ್ಟು ಸಮಯ ಕೊಡುತ್ತೇವೆ. ಒಂದು ಆಬ್ಜೆಕ್ಟನ್ನು ಇಬ್ಬರು ಹಿಡಿದಿರುವಾಗ ಅದರ ಬಿಡುಗಡೆ ಯಾರ ಕೆಲಸ ಎಂಬ ಪ್ರಶ್ನೆಗೆ ಒಂದು ತಾಸೂ ಸಿಗುವುದಿಲ್ಲ. ಡ್ರೈವರ್ ಪ್ರಾಜೆಕ್ಟ್‌ಗಳ ಮೌಲ್ಯಮಾಪನವಂತೂ ಪರದೆಯ ಮೇಲೆ ಚಿತ್ರ ಮೂಡಿತೇ ಎಂಬಲ್ಲಿಗೆ ನಿಲ್ಲುತ್ತದೆ. ನನ್ನ ಬಳಿ ಬರುವವರಿಗೆ ನಾನು ಹೇಳುವುದು ಇಷ್ಟು: ಕೆಎಸಾನ್ ಚಾಲೂ ಇರುವ ಕರ್ನಲ್ ಕಟ್ಟಿ, ಮೋಡ್‌ಟೆಸ್ಟ್ ಎಂಬ ಪರೀಕ್ಷಾ ಪ್ರೋಗ್ರಾಂನಿಂದ ಪರದೆಗೆ ಬಣ್ಣದ ಪಟ್ಟಿ ಬರಿಸಿ, ಅದು ಓಡುತ್ತಿರುವಾಗಲೇ ಡ್ರೈವರನ್ನು ಅನ್‌ಬೈಂಡ್ ಮಾಡಿ, ಆಮೇಲೆ ಮೋಡ್‌ಟೆಸ್ಟನ್ನು ನಿಲ್ಲಿಸಿ ಲಾಗ್ ಓದಿ. ನಿಜವಾದ ಪರದೆ ಇಲ್ಲದಿದ್ದರೂ ಚಿಂತೆಯಿಲ್ಲ, ವಿಕೆಎಂಎಸ್ ಎಂಬ ಕಾಲ್ಪನಿಕ ಡಿಸ್‌ಪ್ಲೇ ಡ್ರೈವರ್‌ನ ಕೋಡನ್ನು ಓದಿ ಈ ವಿಂಗಡಣೆಯನ್ನು ಕಲಿಯಬಹುದು. ಅದಕ್ಕೆ ಬೇಕಾಗುವುದು ಒಂದು ಸಾಧಾರಣ ಲ್ಯಾಪ್‌ಟಾಪ್ ಮಾತ್ರ.

ಇಷ್ಟು ಓದಿದವರು ನಾಳೆಯೇ ಹಳೆಯ ಡ್ರೈವರ್‌ಗಳಲ್ಲಿನ ಡೆವ್‌ಎಂ ಎಲ್ಲವನ್ನೂ ಹುಡುಕಿ ಡಿಆರ್‌ಎಂಎಂ ಎಂದು ಬದಲಿಸುವ ಪ್ಯಾಚ್‌ಗಳನ್ನು ದಯವಿಟ್ಟು ಕಳುಹಿಸಬೇಡಿ. ಇಂಟರಪ್ಟ್‌ನ ಬಿಡುಗಡೆಯನ್ನು ಮುಂದೂಡಿದರೆ ಹೊಸ ದೋಷವೊಂದು ಹುಟ್ಟುತ್ತದೆ, ಮತ್ತು ಆ ಯಂತ್ರಾಂಶ ಕೈಯಲ್ಲಿಲ್ಲದವರು ಅದನ್ನು ಪರೀಕ್ಷಿಸಲಾರರು. ನಿಮ್ಮ ಬಳಿ ಇರುವ ಒಂದೇ ಒಂದು ಪರದೆಯ ಡ್ರೈವರನ್ನು ಆರಿಸಿಕೊಳ್ಳಿ, ಮೇಲಿನ ಪ್ರಯೋಗ ನಡೆಸಿ. ಸಿಕ್ಕಿದ ಕೆಎಸಾನ್ ವರದಿಯನ್ನು ಇಲ್ಲಿ ಹಾಕಿದರೆ ಒಟ್ಟಿಗೆ ಕುಳಿತು ಓದೋಣ.