ಅಲ್ಲಿ ಏನಿದೆ ಆಂಟಿ?

ಹೋದ ವಾರ ಮಾಲ್ಡೀವ್ಸಿನ ಏರ್‌ಪೋರ್ಟಿನಲ್ಲಿ ಬೆಂಗಳೂರು ವಿಮಾನಕ್ಕೆ ಕಾಯುತ್ತಾ ಕೂತಿದ್ದೆವು, ನಾನು ಮತ್ತು ತಂಗಿ. ಎದುರಿನ ಕುರ್ಚಿಯಲ್ಲಿ ಒಂದು ಜೋಡಿ. ಹುಡುಗನ ಮೂಗಿನ ಸಿಪ್ಪೆ ಬಿಸಿಲಿಗೆ ಎದ್ದಿತ್ತು. ಹುಡುಗಿಯ ಟೋಪಿ ಮೊರದಷ್ಟು ಅಗಲ. ಕನ್ನಡ ಕಿವಿಗೆ ಬಿತ್ತು, ನಾನು ಬಾಯಿ ಹಾಕಿದೆ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ.

"ಆಂಟಿ, ನಿಮ್ದು ಯಾವ ರೆಸಾರ್ಟು?" ಅಂದ ಹುಡುಗ.

"ರೆಸಾರ್ಟ್ ಇಲ್ಲಪ್ಪ. ಮಾಲೆಯಲ್ಲೇ ಇದ್ವಿ, ಮೂರು ದಿನ."

"ಮಾಲೇಲಾ? ಮೂರು ದಿನಾನಾ? ಅಲ್ಲಿ ಏನಿದೆ ಆಂಟಿ?"

ಸಾವಿನ ಮನೆಯಲ್ಲಿ ಮಾತಾಡಿಸುವ ಧಾಟಿ. ಹುಡುಗಿಯಂತೂ ಮಕ್ಕಳು ಕೈಬಿಟ್ಟ ಮುದುಕಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಅಷ್ಟರಲ್ಲಿ ವಿಮಾನಕ್ಕೆ ಕರೆದರು. ಉತ್ತರ ಗಂಟಲಲ್ಲೇ ಉಳಿಯಿತು. ಅದನ್ನು ಇಲ್ಲಿ ಕಕ್ಕುತ್ತಿದ್ದೇನೆ. ಉದ್ದ ಆಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಹೇಗೂ ನೀವು ಮಾಡುವುದು ಅದನ್ನೇ.

ಮಾಲೆ ಆ ದೇಶದ ರಾಜಧಾನಿ. ಸಮುದ್ರದ ಮಧ್ಯೆ ಸುಮಾರು 2 ಚದರ ಕಿಲೋಮೀಟರಿನ ನೆಲ. ಎರಡು ಲಾಲ್‌ಬಾಗ್ ಪಕ್ಕಪಕ್ಕ ಇಟ್ಟರೆ ಅಷ್ಟಾಗುತ್ತದೆ. ಅಷ್ಟರೊಳಗೆ ಲಕ್ಷಕ್ಕೂ ಹೆಚ್ಚು ಜನ, ಅಧ್ಯಕ್ಷರ ಮನೆ, ಸಂಸತ್ತು, ಬಂದರು, ಆಸ್ಪತ್ರೆ, ಮಸೀದಿಗಳು, ಹತ್ತು ಮಹಡಿಯ ಕಟ್ಟಡಗಳು, ಲೆಕ್ಕವಿಲ್ಲದಷ್ಟು ಸ್ಕೂಟರು. 2022ರ ಜನಗಣತಿ ಪ್ರಕಾರ ಇಡೀ ದೇಶದಲ್ಲಿ ಇರುವುದು ಸುಮಾರು 5.15 ಲಕ್ಷ ಜನ. ಅದರಲ್ಲಿ 2 ಲಕ್ಷಕ್ಕೂ ಜಾಸ್ತಿ ಮಾಲೆ ನಗರದವರು, ಸೇತುವೆಯ ಆಚೆಗಿನ ಹುಲುಮಾಲೆ, ಪಕ್ಕದ ವಿಲ್ಲಿಮಾಲೆ ಎಲ್ಲ ಸೇರಿ. ಐದು ಜನರಲ್ಲಿ ಇಬ್ಬರು ಬದುಕುವ ಊರಿನಲ್ಲಿ ಏನೂ ಇಲ್ಲವಂತೆ! ಆ ಇಬ್ಬರು ಅಲ್ಲಿ ಏನು ಮಾಡುತ್ತಿದ್ದಾರೆ ಹಾಗಾದರೆ, ವಿಮಾನಕ್ಕೆ ಕಾಯುತ್ತಿದ್ದಾರಾ?

ನಾವು ಹೋಗಿದ್ದು ತಂಗಿಯ ಮಗಳನ್ನು ನೋಡಲು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಅವಳು. ಇನ್ನಿಬ್ಬರ ಜೊತೆ ಒಂದು ಕೋಣೆ. ಬಾಡಿಗೆ ಕೇಳಿ ನನ್ನ ಬ್ಯಾಂಕಿನ ಹಳೇ ಜೀವ ಒಮ್ಮೆ ನಡುಗಿತು. ಅವಳು ಡ್ಯೂಟಿಗೆ ಹೋದ ಮೇಲೆ ನಾವಿಬ್ಬರೂ ಬೀದಿ ಸುತ್ತುವುದು. ಊರಿನ ಈ ತುದಿಯಿಂದ ಆ ತುದಿಗೆ ನಡೆದೇ ಹೋಗಬಹುದು, ನನ್ನ ಮೊಣಕಾಲಿನಲ್ಲೂ. ಸುಸ್ತಾದರೆ ಕೂರಲು ಜೋಲಿ ಇವೆ. ಕಬ್ಬಿಣದ ಚೌಕಟ್ಟಿಗೆ ಹಗ್ಗ ಹೆಣೆದ ಕುರ್ಚಿ, ಕೂತರೆ ಒಳಗೆ ಹೂತು ಹೋಗುತ್ತೀರಿ. ಅದನ್ನು ಜೋಲಿ ಎಂದೇ ಕರೆಯುತ್ತಾರೆ. ಕೇಳಿ ತಂಗಿ ಬಿದ್ದು ಬಿದ್ದು ನಕ್ಕಳು. ಅವಳನ್ನು ಅದರಿಂದ ಎಬ್ಬಿಸಲು ಎರಡು ಜನ ಬೇಕಾಯಿತು, ಅದು ಬೇರೆ ಕಥೆ.

ಮೀನು ಮಾರ್ಕೆಟ್ಟಿನಿಂದ ಶುರು ಮಾಡೋಣ. ಸಸ್ಯಾಹಾರಿ ಗೆಳತಿಯರು ಈ ಪ್ಯಾರಾ ಹಾರಿಸಿ. ಉತ್ತರದ ದಕ್ಕೆಯಲ್ಲಿದೆ. ಮಧ್ಯಾಹ್ನದ ಮೇಲೆ ದೋಣಿಗಳು ಬಂದು ನಿಲ್ಲುತ್ತವೆ. ದೋಣಿಗೆ ಅವರೂ 'ದೋನಿ' ಎನ್ನುತ್ತಾರೆ. ಟ್ಯೂನಾ, ಟ್ಯೂನಾ, ಮತ್ತೆ ಟ್ಯೂನಾ. ಕೆಲವು ನನ್ನ ಮೊಮ್ಮಗನಷ್ಟು ಉದ್ದ. ಹೆಚ್ಚಿನದು ಬಲೆ ಹಾಕದೆ ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿದಿದ್ದು. ಕತ್ತರಿಸುವವನ ಕೈ ನೋಡಬೇಕು ನೀವು. ನಾಲ್ಕು ಸಲ ಚೂರಿ ಆಡಿಸಿದ, ಮೀನು ನಾಲ್ಕು ಹೋಳು, ಮುಳ್ಳು ಒಂದು ಕಡೆ. ನಮ್ಮ ಕಾಸರಕೋಡಿನ ಬಂದರಿನಲ್ಲಿ ಬಂಗಡೆ, ಇಸೋಣ ನೋಡಿ ಬೆಳೆದ ನಾನೇ ಬಾಯಿ ಬಿಟ್ಟು ನಿಂತೆ. ಒಂದೇ ವ್ಯತ್ಯಾಸ, ಅಲ್ಲಿ ಮಾರುವವರು ಕತ್ತರಿಸುವವರು ಎಲ್ಲರೂ ಗಂಡಸರು. ಬುಟ್ಟಿ ಹೊತ್ತು ಬೈದು ಬೈದು ಮಾರುವ ನಮ್ಮ ಹೆಂಗಸರಿಲ್ಲದೆ ಮಾರ್ಕೆಟ್ಟು ಸ್ವಲ್ಪ ಸಪ್ಪೆ ಅನ್ನಿಸಿತು, ನಿಜ ಹೇಳುತ್ತೇನೆ.

ಬೆಳಿಗ್ಗೆ ಮಾಸ್ ಹುನಿ ತಿಂದೆವು. ಟ್ಯೂನಾ ಪುಡಿ, ಹಸಿ ತೆಂಗಿನ ತುರಿ, ಈರುಳ್ಳಿ, ಮೆಣಸು, ನಿಂಬೆ ಹುಳಿ, ಎಲ್ಲ ಕೈಯಲ್ಲಿ ಹಿಸುಕಿ ಕಲಸಿದ್ದು. ಜೊತೆಗೆ ರೋಶಿ, ಅಂದರೆ ನಮ್ಮ ಚಪಾತಿಯ ತಂಗಿ. ಸಂಜೆ ಚಹಾದಂಗಡಿಯಲ್ಲಿ ಕೇಳುವ ಮೊದಲೇ ಕುರುಕಲು ತಿಂಡಿಯ ತಟ್ಟೆಗಳನ್ನು ತಂದು ಮೇಜಿನ ಮೇಲಿಟ್ಟರು. ತಿಂದಷ್ಟಕ್ಕೆ ದುಡ್ಡು. ಬಜಿಯಾ ಅಂದರು, ಬಜ್ಜಿ ಅಂದುಕೊಂಡೆ. ನೋಡಿದರೆ ಸಮೋಸ, ಒಳಗೆ ಮೀನು. ಮೂರು ತಿಂದೆ. ಊಟ ಆದಮೇಲೆ ಕಾಗದದಷ್ಟು ತೆಳ್ಳಗೆ ಹೆರೆದ ಅಡಿಕೆ, ಲವಂಗ, ವೀಳ್ಯದೆಲೆ. ನಮ್ಮ ಶಿರಸಿ ಕಡೆಯ ಮಾವ ಇದ್ದಿದ್ದರೆ ಅಲ್ಲೇ ಮನೆ ಮಾಡುತ್ತಿದ್ದ.

ಈಗ ಕವಡೆ ವಿಷಯಕ್ಕೆ ಬರುತ್ತೇನೆ. ಸಿಟ್ಟು ಜಾಸ್ತಿ ಬರುವುದು ನನಗೆ ಇಲ್ಲೇ.

"ಕವಡೆ ಕಾಸಿನ ಕಿಮ್ಮತ್ತಿಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಆ ಕಾಸು ಯಾವ ಟಂಕಸಾಲೆಯಲ್ಲಿ ತಯಾರಾಗುತ್ತಿತ್ತು ಗೊತ್ತಾ? ಈ ದ್ವೀಪಗಳ ಆಳವಿಲ್ಲದ ನೀರಿನಲ್ಲಿ. ತೆಂಗಿನ ಗರಿಗಳನ್ನು ನೀರಿಗೆ ಹಾಕಿಡುತ್ತಿದ್ದರು. ಹುಳು ಬಂದು ಗರಿಗೆ ಕಚ್ಚಿಕೊಳ್ಳುತ್ತಿತ್ತು. ಎಳೆದು ತಂದು ಮರಳಿನಲ್ಲಿ ಹೂತರೆ ಒಳಗಿನದು ಕೊಳೆತು ಚಿಪ್ಪು ಉಳಿಯುತ್ತಿತ್ತು. ಅದು ಹಡಗು ಹತ್ತಿ ಬಂಗಾಳಕ್ಕೆ ಹೋಗುತ್ತಿತ್ತು, ಅಲ್ಲಿಂದ ಅಕ್ಕಿ ಬರುತ್ತಿತ್ತು. ಶತಮಾನಗಟ್ಟಲೆ ನಡೆದ ವ್ಯಾಪಾರ ಇದು. ಮುಂದೆ ಯುರೋಪಿನವರು ಇದೇ ಚಿಪ್ಪನ್ನು ಪಶ್ಚಿಮ ಆಫ್ರಿಕಾಕ್ಕೆ ಒಯ್ದು ಮನುಷ್ಯರನ್ನೇ ಕೊಂಡರು. ಚಿಲ್ಲರೆ ಎಣಿಸಿ ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೆರಳು ಸವೆಸಿದವಳು ನಾನು. ನಮ್ಮ ಗಾದೆಯೊಳಗಿನ ಕಾಸು ಹುಟ್ಟಿದ ಜಾಗದಲ್ಲಿ ನಿಂತು ಮೈ ಜುಂ ಎಂದಿತು. ಅಲ್ಲಿ ಏನಿದೆ ಆಂಟಿ ಅಂತೆ!

ಲಿಪಿಯದ್ದೂ ಇದೇ ಕಥೆ. ತಾನಾ ಎನ್ನುತ್ತಾರೆ, ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿ ಅಂಕಿಗಳಿಂದ ಬಂದಿದ್ದು, ನಂತರದ ಒಂಬತ್ತು ಹಳೆಯ ದೇಶಿ ಅಂಕಿಗಳಿಂದ. ಒಂದು ಎರಡು ಮೂರು ಬರೆದು ಅದನ್ನೇ ಓದುವ ಜನ! ಬೀದಿಯ ಬೋರ್ಡುಗಳನ್ನೆಲ್ಲ ನಾನು ಲೆಡ್ಜರಿನ ಹಾಗೆ ನೋಡುತ್ತಾ ನಡೆದೆ.

ಹುಕುರು ಮಿಸ್ಕೀ ಎಂಬ ಹಳೆಯ ಶುಕ್ರವಾರದ ಮಸೀದಿ ಇದೆ. 1658ರಲ್ಲಿ ಕಟ್ಟಿದ್ದು, ಹವಳದ ಕಲ್ಲಿನಿಂದ. ಹವಳ ನೀರಿನಿಂದ ತೆಗೆದಾಗ ಮೆತ್ತಗಿರುತ್ತದೆ, ಕೊರೆದು ಒಣಗಿಸಿದರೆ ಗಟ್ಟಿ. ಗೋಡೆಯ ತುಂಬ ಕೆತ್ತನೆ, ಹತ್ತಿರ ಹೋದರೆ ಮಾತ್ರ ಕಾಣುವಷ್ಟು ಸಣ್ಣದು. ನಾವು ಹೊರಗಿನಿಂದಲೇ ನೋಡಿದೆವು. ಪಕ್ಕದ ಸ್ಮಶಾನದಲ್ಲಿ ಗಂಡಸರ ಗೋರಿಕಲ್ಲಿನ ತಲೆ ಚೂಪು, ಹೆಂಗಸರದ್ದು ಗುಂಡಗೆ. ನಮ್ಮ ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಗೋಡೆಯ ಮುಂದೆ ನಿಂತಾಗ ಆಗುವ ಹಾಗೆಯೇ ಆಯಿತು. ಮಾತು ಬೇಡ ಅನ್ನಿಸಿತು. ತಂಗಿ ಮಾತಾಡುತ್ತಲೇ ಇದ್ದಳು.

ಅಲ್ಲಿ ಏನಿಲ್ಲ ಎಂದು ಬೇಕಾದರೆ ಕೇಳಲಿ, ಹೇಳುತ್ತೇನೆ. ಮ್ಯೂಸಿಯಮ್ಮಿನಲ್ಲಿ ಬುದ್ಧ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಮತ ಬದಲಾಗುವ ಮೊದಲು ಬೌದ್ಧರ ನಾಡು ಅದು. ಆ ಕಾಲದ ಹವಳದ ವಿಗ್ರಹಗಳು ಇದ್ದವು. 2012ರ ಫೆಬ್ರವರಿಯಲ್ಲಿ, ಅಧ್ಯಕ್ಷರು ಬದಲಾದ ಗಲಾಟೆಯ ದಿನ, ಗುಂಪೊಂದು ನುಗ್ಗಿ ಒಡೆದು ಹಾಕಿತು. ಬಿಸಿಲಿನ ದ್ವೀಪ, ನೀಲಿ ನೀರು, ಸ್ವರ್ಗ ಎಂದು ಬರೆಯುವವರು ಇದನ್ನು ಬರೆಯುವುದಿಲ್ಲ. ಸ್ವರ್ಗಕ್ಕೆ ಇತಿಹಾಸ ಇರುವುದಿಲ್ಲವಲ್ಲ.

ಸರಿ, ಈಗ ನೀವು ಹೇಳುವುದನ್ನು ನಾನೇ ಹೇಳುತ್ತೇನೆ. ಮಾಲೆಯಲ್ಲಿ ಜಾಗ ಇಲ್ಲ, ಸ್ಕೂಟರಿನ ಹೊಗೆ, ಈಜಲು ಒಂದೆರಡು ಸಣ್ಣ ಮರಳ ದಂಡೆ, ಅಲ್ಲೂ ಮೈತುಂಬ ಬಟ್ಟೆ ಬೇಕು. ಗಂಟಲು ತೇವ ಮಾಡಿಕೊಳ್ಳುವವರಿಗೆ ಒಂದು ಹನಿ ಸಿಗದು. ವರ್ಷವಿಡೀ ಕಂಪ್ಯೂಟರಿನ ಮುಂದೆ ಕೂತು ಇಎಂಐ ಕಟ್ಟುವ ಹುಡುಗರು ನಾಲ್ಕು ದಿನ ನೀರಿನಲ್ಲಿ ಕಾಲು ಬಿಟ್ಟು ಕೂರಬಾರದಾ? ಹನಿಮೂನಿಗೆ ಹೋದವರು ಮೀನು ಮಾರ್ಕೆಟ್ಟು ನೋಡಬೇಕಾ? ಹೋಗಲಿ, ಆ ದೇಶದವರೇ ಹಾಗೆ ಏರ್ಪಾಡು ಮಾಡಿಕೊಂಡಿದ್ದಾರೆ. 1972ರಲ್ಲಿ ಮೊದಲ ರೆಸಾರ್ಟು ಶುರುವಾದ ಮೇಲೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು, ಊರಿನವರು ಒಂದು ಕಡೆ, ಪ್ರವಾಸಿಗಳು ಇನ್ನೊಂದು ಕಡೆ. ಜನ ಇರುವ ದ್ವೀಪಗಳಲ್ಲಿ ಗೆಸ್ಟ್‌ಹೌಸಿಗೆ ದಾರಿ ಬಿಟ್ಟಿದ್ದೇ 2009ರ ಹೊತ್ತಿಗೆ.

ಎಲ್ಲ ಒಪ್ಪಿದೆ. ಕಾಲು ಬಿಟ್ಟುಕೊಂಡು ಕೂರಿ, ಯಾರು ಬೇಡ ಅಂದರು? ಮಾಲೆಯಲ್ಲಿ ಇರಿ ಎಂದೂ ನಾನು ಹೇಳುತ್ತಿಲ್ಲ. ನೋಡದೆ ಇರುವ ಊರಿಗೆ "ಅಲ್ಲಿ ಏನಿದೆ" ಅನ್ನಬೇಡಿ, ಅಷ್ಟೇ. 2024ರ ಜನವರಿಯಲ್ಲಿ ಅಲ್ಲಿನ ಮೂವರು ಉಪಮಂತ್ರಿಗಳು ನಮ್ಮ ಪ್ರಧಾನಿಯ ಬಗ್ಗೆ ನಾಲಿಗೆ ಹರಿಬಿಟ್ಟಾಗ ಇದೇ ಗೋಡೆಯ ಮೇಲೆ "ಮಾಲ್ಡೀವ್ಸ್ ಬಹಿಷ್ಕಾರ" ಎಂದು ಕೂಗಿದವರು ಎಷ್ಟು ಜನ ಇದ್ದಿರಿ! ಈಗ ನೀರಿನ ಮೇಲಿನ ಮನೆಯಿಂದ ಫೋಟೋ ಹಾಕುತ್ತಿದ್ದೀರಿ. ಸಂತೋಷ. ಆಗ ಬೈದಿದ್ದೂ ನೋಡದೆ, ಈಗ ಹೊಗಳುವುದೂ ನೋಡದೆ.

ಬೇರೆಯವರಿಗೆ ಬೈಯುವ ಮೊದಲು ನನ್ನದೂ ಹೇಳಿಬಿಡುತ್ತೇನೆ. 2019ರಲ್ಲಿ ಮಗ ಸೊಸೆ ಕರೆದುಕೊಂಡು ಹೋಗಿದ್ದರು. ಏರ್‌ಪೋರ್ಟಿನ ಮುಂದೆಯೇ ಸ್ಪೀಡ್‌ಬೋಟ್. ಎದುರಿಗೆ ಮಾಲೆ ಕಾಣುತ್ತಿತ್ತು, ಸಮುದ್ರದ ಮೇಲೆ ಯಾರೋ ಬಿಲ್ಡಿಂಗುಗಳನ್ನು ತಂದು ಸುರಿದು ಹೋದ ಹಾಗೆ. "ಅದೇನೋ ಅಲ್ಲಿ?" ಎಂದು ಮಗನನ್ನು ಕೇಳಿದೆ. "ಅಲ್ಲಿ ಏನಿಲ್ಲಮ್ಮ" ಅಂದ. ನಾನೂ ಸುಮ್ಮನಾದೆ. ನಾಲ್ಕು ದಿನ ಬಟರ್ ಚಿಕನ್, ಪಾಸ್ತಾ ತಿಂದು ವಾಪಸ್ ಬಂದು "ಮಾಲ್ಡೀವ್ಸ್ ನೋಡಿದೆ, ಜೀವನ ಪಾವನ" ಎಂದು ಹದಿನಾಲ್ಕು ಫೋಟೋ ಹಾಕಿದ್ದೆ. ನಿಮ್ಮಲ್ಲಿ ಇನ್ನೂರು ಜನ ಲೈಕ್ ಕೊಟ್ಟಿದ್ದೀರಿ. ಮೊನ್ನೆ ಆ ಪೋಸ್ಟ್ ಡಿಲೀಟ್ ಮಾಡಿದೆ.

ಇಷ್ಟೊಂದು ಉರಿ ಯಾಕೆ ಎಂದು ವಿಮಾನದಲ್ಲಿ ಯೋಚಿಸಿದೆ. ಕಾರಣ ಸಿಕ್ಕಿತು. ಹೊನ್ನಾವರ.

ಬ್ಯಾಂಕಿನಲ್ಲಿ ಮೂವತ್ತು ವರ್ಷವೂ ಕೇಳಿದ ಮಾತು: "ಹೊನ್ನಾವರದಲ್ಲಿ ಏನಿದೆ ಮೇಡಂ?" ಜೋಗಕ್ಕೆ ಹೋಗುವವರು ನಮ್ಮೂರಿನಲ್ಲಿ ಬಸ್ಸು ಬದಲಿಸುತ್ತಾರೆ. ಮುರ್ಡೇಶ್ವರಕ್ಕೆ, ಇಡಗುಂಜಿಗೆ ಹೋಗುವವರು ಪೆಟ್ರೋಲ್ ಹಾಕಿಸುತ್ತಾರೆ, ಮೂತ್ರಕ್ಕೆ ಜಾಗ ಕೇಳುತ್ತಾರೆ. ಶರಾವತಿ ಸಮುದ್ರ ಸೇರುವ ಜಾಗ, ಸಮುದ್ರದೊಳಗೆ ಕೋಟೆ ಹೊತ್ತು ಕೂತ ಬಸವರಾಜದುರ್ಗ, ಯಾರಿಗೂ ಬೇಡ. ನಾನೂ ನಾಚಿಕೆಗೆ "ಏನಿಲ್ಲ ಬಿಡಿ, ಸಣ್ಣ ಊರು" ಎಂದು ನಕ್ಕುಬಿಡುತ್ತಿದ್ದೆ. ನನ್ನ ಊರಿನ ಬಗ್ಗೆ ನಾನೇ.

1340ರ ದಶಕದಲ್ಲಿ ಇಬ್ನ್ ಬತೂತ ಎಂಬ ಮೊರೊಕ್ಕೊದವನು ಎರಡೂ ಊರಿಗೆ ಬಂದಿದ್ದ. ನಮ್ಮೂರನ್ನು ಹಿನೌರ್ ಎಂದು ಬರೆದ. ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ ಎಂದು ಎಣಿಸಿ ಹೇಳಿದ. ಆಮೇಲೆ ಮಾಲ್ಡೀವ್ಸಿಗೆ ಹೋಗಿ ಅಲ್ಲಿ ಖಾಜಿಯಾದ, ಅಂದರೆ ನ್ಯಾಯಾಧೀಶ. ಅಲ್ಲಿನ ಹೆಂಗಸರು ಮೇಲೆ ಬಟ್ಟೆ ಹಾಕುತ್ತಿರಲಿಲ್ಲ. ಹಾಕಿ ಎಂದು ಅಪ್ಪಣೆ ಮಾಡಿದ, ಯಾರೂ ಕೇಳಲಿಲ್ಲ, ತನ್ನಿಂದ ಆಗಲಿಲ್ಲ ಎಂದು ತಾನೇ ಬರೆದುಕೊಂಡ. ಓದಿ ಎಷ್ಟು ನಕ್ಕೆ ಗೊತ್ತಾ! ಆರುನೂರ ಎಂಬತ್ತು ವರ್ಷದ ಹಿಂದೆ ಬಂದ ಮನುಷ್ಯನಿಗೆ ಕಂಡಿದ್ದು ಮೂಗು ಸುಲಿದ ನಮ್ಮ ಹುಡುಗನಿಗೆ ಕಾಣಲಿಲ್ಲ. ಅವನು ಬಂದಿದ್ದು ಹಾಯಿಹಡಗಿನಲ್ಲಿ, ಮಾರಾಯ್ರೆ.

ಕೊನೆಯ ದಿನ ಸಂಜೆ ಸಮುದ್ರದ ಗೋಡೆಯ ಮೇಲೆ ಕೂತಿದ್ದೆವು. 1987ರಲ್ಲಿ ದೊಡ್ಡ ಅಲೆ ಬಂದು ಊರಿಗೆ ನೀರು ನುಗ್ಗಿದ ಮೇಲೆ ಜಪಾನಿನವರ ನೆರವಿನಿಂದ ಕಟ್ಟಿದ್ದು. 2004ರ ಸುನಾಮಿಯಲ್ಲಿ ಈ ಗೋಡೆಯೇ ನಮ್ಮನ್ನು ಉಳಿಸಿತು ಎನ್ನುತ್ತಾರೆ ಮಾಲೆಯವರು. ಹೊರಗೆ ಟೆಟ್ರಾಪಾಡ್ ರಾಶಿ, ಅಂದರೆ ಅಲೆ ತಡೆಯುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳು. ಕಡಲ್ಕೊರೆತ ನೋಡಿ ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಕುಡಿಯುವ ನೀರೂ ಅವರಿಗೆ ಸಮುದ್ರದಿಂದಲೇ, ಉಪ್ಪು ತೆಗೆದು. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ನಲ್ಲಿ ಬಂದಾಗಿ, ನಮ್ಮ ದೇಶದ ವಿಮಾನ, ಹಡಗುಗಳಲ್ಲಿ ನೀರು ಹೋಯಿತು. ತಂಗಿಯ ಮಗಳು ಇದನ್ನು ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಇಂಡಿಯಾ ಎಂಬ ಮಾತು ಕೇಳಿ ತಿರುಗಿದಳು. ನನ್ನ ವಯಸ್ಸಿನವಳೇ. ಹರಕು ಹಿಂದಿಯಲ್ಲಿ ಕೇಳಿದಳು, ಯಾವ ಊರು? ಹೊನ್ನಾವರ ಅಂದೆ. ಗೊತ್ತಿಲ್ಲ ಎಂದು ತಲೆ ಆಡಿಸಿ ಮತ್ತೆ ಕೇಳಿದಳು:

"ವಹಾಂ ಕ್ಯಾ ಹೈ?"

ಅವಳದು ನಿಜವಾದ ಪ್ರಶ್ನೆ. ಉತ್ತರಕ್ಕೆ ಕಾಯುತ್ತಾ ಕೂತಳು. ಕತ್ತಲಾಗುವವರೆಗೆ ಹೇಳಿದೆ, ನನ್ನ ಹಿಂದಿಯಲ್ಲಿ. ಅವಳಿಗೆ ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ನದಿ ಎಂಬುದನ್ನು ವಿವರಿಸುವುದೇ ಕಷ್ಟವಾಯಿತು, ಅವರ ದೇಶದಲ್ಲಿ ಒಂದೂ ಇಲ್ಲವಲ್ಲ.

ಕಾಮೆಂಟಿನಲ್ಲಿ ಪ್ಯಾಕೇಜ್ ಎಷ್ಟಾಯಿತು ಎಂದು ಕೇಳುವವರಿಗೆ: ಏರ್‌ಪೋರ್ಟಿನಿಂದ ಮಾಲೆಗೆ ಸೇತುವೆ ಇದೆ, 2018ರಿಂದ. ಬಸ್ಸೂ ಇದೆ.