ಬರೀ ತೊಳೆಯೋದು ತಾನೇ?

ಟ್ರಕ್ ಕ್ಯಾಂಪರ್ ಅಂದರೆ ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಕೂರಿಸುವ ಪುಟ್ಟ ಮನೆ. ಮಲಗುವ ಜಾಗ ಡ್ರೈವರ್ ತಲೆಯ ಮೇಲಕ್ಕೆ ಚಾಚಿಕೊಂಡಿರುತ್ತದೆ. ನೋಡಿದವರೆಲ್ಲ "ಬೇಕಾದ ಕಡೆ ಮನೆ ಸಮೇತ ಹೋಗಬಹುದು ಅಲ್ವಾ" ಅನ್ನುತ್ತಾರೆ. ಹೋಗಬಹುದು, ನಿಜ. ಆದರೆ ಇಟ್ಟಿಗೆ ಮನೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮಳೆಗೆ ಎದುರಾಗಿ ಓಡುವುದಿಲ್ಲ. ಇದು ಓಡುತ್ತದೆ. ಗುಂಡಿಗೆ ಇಳಿದು, ಎದ್ದು, ಮೈ ಮುರಿಯುತ್ತದೆ. ಹೀಗೆ ಮುರಿದಾಗಲೆಲ್ಲ ಎಲ್ಲೋ ಒಂದು ಸಂದಿ ಬಾಯಿ ಬಿಡುತ್ತದೆ. ಆ ಸಂದಿ ಎಲ್ಲಿದೆ ಅನ್ನೋದು ನಮಗಿಂತ ಮೊದಲು ನೀರಿಗೆ ಗೊತ್ತಾಗುತ್ತದೆ. ಒಳಗೆ ಮರದ ಚೌಕಟ್ಟಿದ್ದರೆ ಸದ್ದಿಲ್ಲದೆ ಕೊಳೆಯಲು ಶುರು. ನೀರು ನುಗ್ಗೋದು ಆ್ಯಂಟೆನಾ ಬುಡದಲ್ಲಿ, ಕಲೆ ಕಾಣೋದು ದಿಂಬಿನ ಪಕ್ಕದಲ್ಲಿ.

ಹಾಗಾಗಿ ಅದನ್ನು ತೊಳೆಯೋದು ಬರೀ ಸ್ನಾನ ಅಲ್ಲ, ತಪಾಸಣೆ. ಈ ಮಾತನ್ನು ನನ್ನ ಭಾಮೈದನಿಗೆ ಹೇಳಿ ಹೇಳಿ ಸಾಕಾಗಿದೆ. "ಬರೀ ತೊಳೆಯೋದು ತಾನೇ ಭಾವ? ಪ್ರೆಶರ್ ವಾಷರ್ ತರ್ತೀನಿ. ಹತ್ತು ನಿಮಿಷ" ಅನ್ನುತ್ತಾನೆ. ಅವನ ಎಲ್ಲ ಕೆಲಸವೂ ಹತ್ತು ನಿಮಿಷದ್ದೇ. ಅದನ್ನು ಸರಿಮಾಡೋಕೆ ಮಾತ್ರ ಉಳಿದ ದಿನವೆಲ್ಲ ಬೇಕು.

ಪ್ರೆಶರ್ ವಾಷರ್ ಕೆಟ್ಟ ಯಂತ್ರ ಅಂತ ನಾನು ಹೇಳೋದಿಲ್ಲ. ದೂರದಿಂದ ಬಳಸಿದರೆ ಪರವಾಗಿಲ್ಲ. ಹತ್ತಿರ ಹಿಡಿದರೆ ಸೀಲೆಂಟಿನ, ಅಂದರೆ ಸಂದಿಗಳಿಗೆ ನೀರು ಇಳಿಯದಂತೆ ಮೆತ್ತುವ ಅಂಟಿನ, ಅಂಚು ಎಬ್ಬಿಸುತ್ತದೆ, ಸ್ಟಿಕರ್ ಸುಲಿಯುತ್ತದೆ, ಫ್ರಿಜ್ಜಿನ ಗಾಳಿಕಿಂಡಿಯೊಳಗೆ ನೀರು ತುಂಬುತ್ತದೆ. ಅವನು ಹತ್ತಿರವೇ ಹಿಡಿದ, ಅದೂ ಕಿಟಕಿಗೆ. ಒಳಗೆ ನನ್ನ ಹೆಂಡತಿ ಕಪಾಟು ಜೋಡಿಸುತ್ತಾ ಕೂತಿದ್ದಳು. ರಬ್ಬರಿನ ಸಂದಿಯಿಂದ ನುಗ್ಗಿದ ನೀರು ನೇರ ಅವಳ ಕನ್ನಡಕಕ್ಕೆ. "ಅಕ್ಕಾ, ಲೀಕ್ ಟೆಸ್ಟ್!" ಅಂತ ಹೊರಗಿನಿಂದ ಇವನ ಕೂಗು. ಅವಳು ಹನಿ ಸುರಿಯುವ ಕನ್ನಡಕದಲ್ಲೇ ಹೊರಗೆ ಬಂದಳು, ಒಂದು ಮಾತೂ ಆಡದೆ ನಲ್ಲಿ ತಿರುಗಿಸಿದಳು, ಮತ್ತೆ ಒಳಗೆ ಹೋದಳು. ಅಲ್ಲಿಗೆ ಯಂತ್ರಯುಗ ಮುಗಿಯಿತು. ಬಕೆಟ್ಟು, ಕಾರ್ ಶಾಂಪೂ, ಉದ್ದ ಕೋಲಿನ ಮೆತ್ತನೆ ಬ್ರಷ್ಷು ಬಂದವು.

ಉದ್ದ ಕೋಲಿನ ಬ್ರಷ್ಷಿಗೆ ಒಂದು ಗುಣವಿದೆ. ಮೇಲೆತ್ತಿದ ಕೂಡಲೇ ನೊರೆನೀರು ಕೋಲಿನಗುಂಟ ಇಳಿಯುತ್ತದೆ. ಮಣಿಕಟ್ಟು ದಾಟಿ, ಮೊಣಕೈ ಹತ್ತಿರ ಒಂದು ಕ್ಷಣ ಯೋಚನೆ ಮಾಡಿ, ಸೀದಾ ಕಂಕುಳಿಗೆ ಹೋಗುತ್ತದೆ. ತೋಳು ಮಡಚಿದರೂ ಅಷ್ಟೇ, ಬಿಚ್ಚಿದರೂ ಅಷ್ಟೇ. ಕ್ಯಾಂಪರ್ ನೆನೆಯುವ ಹೊತ್ತಿಗೆ ತೊಳೆಯುವವನದ್ದು ಒಂದು ಪಕ್ಕ ಸ್ನಾನ ಆಗಿರುತ್ತದೆ.

ಮೊದಲು ಚಾವಣಿ, ಆಮೇಲೆ ಗೋಡೆ. ಈ ಕ್ರಮ ತಪ್ಪಿಸಬಾರದು. ರಬ್ಬರ್ ಚಾವಣಿ ಹಳೆಯದಾದಂತೆ ಬಿಸಿಲಿಗೆ ಪುಡಿ ಬಿಡುತ್ತದೆ. ಆ ಪುಡಿ ನೀರಿನ ಜೊತೆ ಇಳಿದು ಗೋಡೆಯ ಮೇಲೆಲ್ಲ ಪಟ್ಟೆ ಎಳೆಯುತ್ತದೆ. ಮೊದಲು ಗೋಡೆ ತೊಳೆದಿದ್ದರೆ ಅದು ಅಭ್ಯಾಸಕ್ಕೆ ತೊಳೆದದ್ದು ಅಂದುಕೊಂಡು ಸಮಾಧಾನ ಪಟ್ಟುಕೊಳ್ಳಬೇಕು. ಪೆಟ್ರೋಲಿಯಂ ಮೂಲದ ಕ್ಲೀನರ್ ಈ ರಬ್ಬರಿಗೆ ಆಗಿಬರೋದಿಲ್ಲ, ಉಬ್ಬಿಬಿಡುತ್ತದೆ. ಸೋಪು ಬಿದ್ದ ರಬ್ಬರ್ ಜಾರುತ್ತದೆ ಬೇರೆ. ಅದಕ್ಕೇ ನಾನು ಅಲ್ಲಿ ನಡೆಯೋದಿಲ್ಲ, ಅಂಬೆಗಾಲಿಡುತ್ತೇನೆ. ಕೆಳಗಿಳಿದಾಗ ಪ್ಯಾಂಟಿನ ಹಿಂಭಾಗ, ಮಂಡಿ ಎಲ್ಲ ಬಿಳಿ. ಎಲ್ಲಿದ್ದೆ ಅಂತ ಯಾರೂ ಕೇಳಬೇಕಾಗಿಲ್ಲ.

ಗಾಳಿಕಿಂಡಿ, ಸೋಲಾರ್ ಪ್ಯಾನಲ್ಲಿನ ಕಾಲು, ಆ್ಯಂಟೆನಾ ಇವುಗಳ ಸುತ್ತಲಿನ ಸೀಲೆಂಟನ್ನು ಉಗುರಿನಿಂದ ಒತ್ತಿ ನೋಡಬೇಕು. ಹಾಗೆ ನೋಡುತ್ತಿದ್ದಾಗಲೇ ನನಗೆ ಕಂಡದ್ದು, ಹಳೇ ಸೀಲೆಂಟಿನ ಮೇಲೆ ಮಿರಮಿರ ಮಿಂಚುವ ದಪ್ಪ ಸಿಲಿಕಾನ್. ಬೆರಳಲ್ಲಿ ಸವರಿದ ಗುರುತು ಎಷ್ಟು ಸ್ಪಷ್ಟ ಅಂದರೆ, ಪೊಲೀಸರಿಗೂ ಇಷ್ಟು ಒಳ್ಳೆಯ ಬೆರಳಚ್ಚು ಸಿಗಲಿಕ್ಕಿಲ್ಲ. ನಾವು ಊರಲ್ಲಿಲ್ಲದಾಗ ಭಾಮೈದ ಉಪಕಾರ ಮಾಡಿದ್ದ. ಸಿಲಿಕಾನಿನ ತೊಂದರೆ ಇಷ್ಟೇ: ಒಮ್ಮೆ ಹಾಕಿದರೆ ಆಮೇಲೆ ಅದರ ಮೇಲೆ ಏನೂ ಸರಿಯಾಗಿ ಅಂಟುವುದಿಲ್ಲ, ಹೊಸ ಸಿಲಿಕಾನ್ ಕೂಡ. ಅಂಚು ಎದ್ದರೆ ಪೂರ್ತಿ ಕೆರೆದು ತೆಗೆಯಬೇಕು, ಅದೂ ಚಾವಣಿ ಹರಿಯದ ಹಾಗೆ ಪ್ಲಾಸ್ಟಿಕ್ ಪಟ್ಟಿಯಲ್ಲಿ. ಕೆರೆದೆ. ಎಳೆ ಎಳೆಯಾಗಿ ಬಂತು, ಬೆರಳಿಗೆ ಸುತ್ತಿಕೊಂಡಿತು, ಕೊಡವಿದರೆ ಇನ್ನೊಂದು ಕೈಗೆ ಹೋಯಿತು. ಕೆಳಗೆ ಏಣಿ ಹಿಡಿದುಕೊಂಡಿದ್ದವನು, "ಎಷ್ಟು ಗಟ್ಟಿಯಾಗಿ ಹಿಡಿದಿದೆ ನೋಡಿ ಭಾವ" ಅಂತ ಹೆಮ್ಮೆಪಟ್ಟ.

ಮೂತಿಯ ಕಡೆ ಕೆಲಸ ಬೇರೆ. ದಾರಿಯಲ್ಲಿ ಸಿಕ್ಕ ಹುಳಗಳೆಲ್ಲ ಅಲ್ಲೇ ಅಂಟಿ ಒಣಗಿರುತ್ತವೆ. ಒಣಗಿದ್ದನ್ನು ಉಜ್ಜಿದರೆ ಫೈಬರ್‌ಗ್ಲಾಸಿನ ಹೊಳಪಿಗೆ ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹಾಸಿ ನೆನೆಯಲು ಬಿಡಬೇಕು. ಹಾಗೆ ಹಾಸಿ ಸುಮ್ನೆ ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ಏನಪ್ಪಾ, ಹಣೆಗೆ ತಣ್ಣೀರು ಪಟ್ಟಿ ಹಾಕಿದ್ದೀಯ, ಜ್ವರಾನಾ?" ಅಂದರು. ಹೌದು ಅಂದೆ. ವಿವರಿಸೋಕಿಂತ ಅದೇ ಸುಲಭ.

ವ್ಯಾಕ್ಸ್, ಜ್ಯಾಕುಗಳಿಗೆ ಗ್ರೀಸು, ಕ್ಯಾಂಪರನ್ನು ಟ್ರಕ್ಕಿಗೆ ಬಿಗಿಯುವ ಕೊಂಡಿಗಳು ಸಡಿಲಾಗಿವೆಯಾ ಅಂತ ನೋಡೋದು, ಇವೆಲ್ಲ ಬೇಸರದ ಕೆಲಸ, ಮಾಡಲೇಬೇಕು, ಮಾಡುತ್ತೇವೆ. ಮಜಾ ಇರೋದು ಕಿಟಕಿ ಚೌಕಟ್ಟಿನ ಕೆಳಗಿನ ಸಣ್ಣ ರಂಧ್ರಗಳಲ್ಲಿ. ಕಿಟಕಿಗೆ ಬಿದ್ದ ನೀರು ಹೊರಗೆ ಹರಿಯಲಿ ಅಂತ ಇಟ್ಟವು. ಕಸ ಕಟ್ಟಿದರೆ ನೀರು ವಾಪಸ್ ಒಳಗೆ ಬರುತ್ತದೆ. ಹಲ್ಲುಕಡ್ಡಿ ಹಾಕಿ ಚುಚ್ಚಿದೆ. ಕಸದ ಹಿಂದೆಯೇ ಜೇಡವೊಂದು ಹೊರಬಂದು, ಕಡ್ಡಿ ಹತ್ತಿ, ನನ್ನ ಕೈ ಕಡೆ ನಡೆಯಿತು. ಜೇಡಗಳನ್ನು ಹಗುರವಾಗಿ ತಗೋಬಾರದು. 2011ರಲ್ಲಿ ಮಜ್ದಾ ಕಂಪನಿ ತನ್ನ ಮಜ್ದಾ 6 ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಇಂಧನ ಟ್ಯಾಂಕಿನ ಗಾಳಿ ಕೊಳವೆಯಲ್ಲಿ ಜೇಡ ಬಲೆ ಕಟ್ಟಿದ್ದಕ್ಕೇ. ಅಂಥ ಕಂಪನಿಯೇ ತಲೆಬಾಗಿದ ಮೇಲೆ ನಾನು ಕಡ್ಡಿ ಬಿಸಾಕಿ ಓಡಿದ್ದರಲ್ಲಿ ತಪ್ಪೇನಿದೆ? ಹೀಟರಿನ ಹೊಗೆಕಿಂಡಿಯನ್ನೂ ನೋಡಬೇಕು. ಅಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಈಗ ಜಾಲರಿ ಹಾಕಿದ್ದೇನೆ.

ಸಿಲಿಕಾನ್ ಬೇಡ ಅಂದದ್ದನ್ನು ಭಾಮೈದ ಮನಸ್ಸಿಗೆ ತಗೊಂಡಿದ್ದಾನೆ. ಈ ಸಲ ಅಂಗಡಿಯವರನ್ನು ಕೇಳಿ, ಕ್ಯಾಂಪರ್ ಚಾವಣಿಗೆಂದೇ ಮಾಡಿದ ಸೀಲೆಂಟ್ ತಂದಿದ್ದ. ಒಳ್ಳೆಯ ಮಾಲು. ಹಾಕಿದ ಮೇಲೆ ತಾನಾಗಿಯೇ ಹರಡಿಕೊಂಡು ಸಮವಾಗಿ ಕೂರುತ್ತದೆ. ಮಟ್ಟಸವಾದ ಚಾವಣಿಯ ಮೇಲೆ, ಅಷ್ಟೇ. ಇವನು ಅದನ್ನು ಪಕ್ಕದ ಗೋಡೆಯ ಕಿಟಕಿಗೆ ಹಾಕಿ, ಕೈ ಒರೆಸಿಕೊಂಡು ಊಟಕ್ಕೆ ಬಂದ. ನಾವು ಊಟ ಮುಗಿಸಿ ಹೋಗುವಷ್ಟರಲ್ಲಿ ಅದು ಸಮತಟ್ಟು ಜಾಗ ಹುಡುಕುತ್ತಾ ಕೆಳಗಿಳಿದು, ನೀರಿನ ಟ್ಯಾಂಕಿನ ಮುಚ್ಚಳದ ಸುತ್ತ ನೆಲೆ ನಿಂತಿತ್ತು. ಇಡೀ ಕ್ಯಾಂಪರಿನಲ್ಲಿ ಒಂದು ಹನಿಯೂ ಒಳಗೆ ಹೋಗಲ್ಲ ಅಂತ ನಾನು ಖಾತ್ರಿಯಾಗಿ ಹೇಳಬಲ್ಲ ಜಾಗ ಈಗ ಒಂದೇ. ನಾವು ನೀರು ತುಂಬಿಸಬೇಕಾದ ಜಾಗ.